ಹೊಲ ಇದ್ದಲ್ಲೇ ಇದೆ, ತಾಲ್ಲೂಕು ಹೋಗಿದೆ

ಮೂವತ್ತು ವರ್ಷ ಭೂಗೋಳ ಕಲಿಸಿದವನು ನಾನು. ಆದರೂ ನಮ್ಮೂರು ಯಾವ ತಾಲ್ಲೂಕಿನಲ್ಲಿದೆ ಎಂಬುದು ನನ್ನ ತಲೆಗೆ ಗೊತ್ತು, ಕಾಲಿಗೆ ಗೊತ್ತಿಲ್ಲ. ಸರ್ಕಾರಿ ಕೆಲಸ ಅಂದ ಕೂಡಲೇ ಅದು ರೋಣದ ಬಸ್ಸಿನ ಕಡೆ ತಿರುಗುತ್ತದೆ. ಗಜೇಂದ್ರಗಡ ಬೇರೆ ತಾಲ್ಲೂಕಾಗಿ, ಸೂಡಿಯ ಆಚೆಗಿನ ನಮ್ಮ ಹಳ್ಳಿ ಅದಕ್ಕೆ ಸೇರಿ ವರ್ಷಗಳೇ ಆದವು. ಆಗ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ನಿಂತು ಹೊಸ ತಾಲ್ಲೂಕಿನ ಉಪಯೋಗಗಳನ್ನು ಕುರಿತು ಭಾಷಣ ಬಿಗಿದವನೂ ನಾನೇ.

ಈಚೆಗೆ ನರಗುಂದದ ಗೆಳೆಯನೊಬ್ಬ ತಾನು ಮಕ್ಕಳಿಗಾಗಿ ತರುತ್ತಿರುವ ಪುಸ್ತಕಕ್ಕೆ ಇಂಡೋನೇಷ್ಯಾದ ಹಳ್ಳಿಗಾಡಿನ ತಾಲ್ಲೂಕೊಂದರ ಬಗ್ಗೆ ಬರೆದುಕೊಡು ಎಂದ. ಬರೆದೆ. ಉತ್ತರಕ್ಕೆ ಬೆಟ್ಟ, ದಕ್ಷಿಣಕ್ಕೆ ಸಮುದ್ರ, ನಡುವೆ ಭತ್ತದ ಗದ್ದೆ. ಊರಿಗೊಬ್ಬ ಮುಖ್ಯಸ್ಥ, ಅವರೆಲ್ಲರ ಮೇಲೊಬ್ಬ ಅಧಿಕಾರಿ. ಕಾಣದ ನಾಡಿನ ಬಗ್ಗೆ ಬರೆಯುವಾಗ ಎಲ್ಲಿಲ್ಲದ ಧೈರ್ಯ ಬಂದುಬಿಡುತ್ತದೆ. ಅಕ್ಕ ಗಂಗವ್ವನಿಗೆ ಓದಿ ಹೇಳಿದೆ.

“ಭಾಳ ಚಲೋ ಬರದೀಯೋ ತಮ್ಮಾ. ಅಲ್ಲಿ ಗಂಡ ಸತ್ತಾಕಿ ಉತಾರದಾಗ ತನ್ನ ಹೆಸರು ಹಚ್ಚಿಸ್ಬೇಕಂದ್ರ ಯಾವ ಬಸ್ ಹತ್ತಬೇಕು?”

ನಾನು ಹಾಳೆ ಮಡಚಿಟ್ಟೆ. ಅಕ್ಕನಿಗೆ ಬೇಕಾದದ್ದು ಅದೊಂದೇ. ಭಾವ ತೀರಿಕೊಂಡ ಮೇಲೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ತನ್ನ ಹೆಸರು ಬರಬೇಕು. ಜೀವಮಾನವಿಡೀ ಕಳೆ ಕಿತ್ತ ಹೊಲದಲ್ಲಿ ಕೂಲಿಯವಳಂತೆ ನಿಲ್ಲುವುದು ಅವಳಿಗೆ ಸಂಕಟ.

ಅಷ್ಟರಲ್ಲಾಗಲೇ ನಾನು ಅವಳನ್ನು ಎರಡು ಸಲ ಸುತ್ತಿಸಿದ್ದೆ. ಮೊದಲ ಸಲ ನೇರ ರೋಣಕ್ಕೆ. ಗುಮಾಸ್ತ ಪಾಪ, ಕುಡಿಯಲು ನೀರು ಕೊಟ್ಟು, “ಮಾಸ್ತರ, ನಿಮ್ಮೂರು ಈಗ ಗಜೇಂದ್ರಗಡಕ್ಕ ಸೇರೇತ್ರಿ” ಎಂದ. ಎರಡನೇ ಸಲ ಗಜೇಂದ್ರಗಡಕ್ಕೆಂದೇ ಹೊರಟು ನಿಂತಿದ್ದೆವು. ರೋಣದ ಬಸ್ಸು ಬಂತು, ಜನ ನುಗ್ಗಿದರು, ನನ್ನ ಕೈ ತಾನಾಗಿಯೇ ಹೆಗಲ ಮೇಲಿನ ಟವೆಲ್ಲನ್ನು ಕಿಟಕಿಯೊಳಗೆ ಎಸೆದು ಸೀಟು ಹಿಡಿಯಿತು. ಹಿಡಿದ ಸೀಟು ಬಿಡುವುದುಂಟೇ? ಕೂತೆವು. ಅರ್ಧ ದಾರಿಯಲ್ಲಿ ಅಕ್ಕನೇ ಕೇಳಿದಳು: “ಹೊಲ ಇದ್ದಲ್ಲೇ ಐತಿ. ನಾವ್ಯಾಕ ಹಿಂಗ ತಿರಗಾಕ ಹತ್ತೇವಿ?” ಇಳಿದು, ಬಿಸಿಲಲ್ಲಿ ವಾಪಸು ಬಸ್ಸಿಗೆ ಕಾಯುವಾಗ ನನಗೆ ನನ್ನ ಮೇಲೇ ಬೇಸರವಾಯಿತು. ವಯಸ್ಸಿನ ದಣಿವಲ್ಲ ಅದು, ರೂಢಿಯ ದಣಿವು.

ಮೂರನೇ ಸಲ ಸರಿಯಾದ ಬಸ್ಸು ಹತ್ತಿದೆವು, ನಿಂತುಕೊಂಡೇ ಹೋದೆವು. ಅರ್ಜಿ ಕೊಟ್ಟು ಕೆಲವು ವಾರಗಳಾದ ಮೇಲೆ ಉತಾರ ಕೈಗೆ ಬಂತು. ಓದು ಬಾರದ ಅಕ್ಕ, ತನ್ನ ಹೆಸರು ತೋರಿಸು ಎಂದಳು. ‘ಗಂಗವ್ವ ಕೋಂ ಶಿವಪ್ಪ’, ಅಂದರೆ ಶಿವಪ್ಪನ ಹೆಂಡತಿ ಗಂಗವ್ವ, ಎಂಬಲ್ಲಿ ಬೆರಳಿಟ್ಟೆ.

“ಅವರ ಹೆಸರು?”

“ಇಲ್ಲೇ ಐತಲ್ಲ. ಮೊದಲ ನಿಂದು, ಆಮ್ಯಾಲ ಅವರದು.”

ಭಾವ ಸಂತೆಗೆ ಹೋದರೂ ದವಾಖಾನೆಗೆ ಹೋದರೂ ಹೆಂಡತಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದ ಮನುಷ್ಯ. ಅಕ್ಕ ಆ ಅಕ್ಷರಗಳ ಮೇಲೆ ಮೆಲ್ಲಗೆ ಕೈಯಾಡಿಸಿ ನಕ್ಕಳು.

“ಈಗರ ನನ್ನ ಹಿಂದ ಬಂದ್ರಲ್ಲಪಾ,” ಎಂದವಳೇ ಸೆರಗಿನಿಂದ ಕಣ್ಣೊರೆಸಿಕೊಂಡಳು.