ನಾಲ್ಕು ಡಬ್ಬ ಗಿಡದ ಸ್ಟೆರಾಯ್ಡ್

1999ರಲ್ಲಿ ನಾನು ದಾವಣಗೆರೆ ವಿನೋಬನಗರದ ಒಂದು ಜಿಮ್‌ನಲ್ಲಿ ಕೋಚ್ ಆಗಿದ್ದೆ. ವಯಸ್ಸು ಇಪ್ಪತ್ತಾರು. ಓದಿದ್ದು ಏಳನೇ ಕ್ಲಾಸು, ಅದೂ ಫೇಲು. ಕೋಚ್ ಅಂತ ಯಾರೂ ಸರ್ಟಿಫಿಕೇಟ್ ಕೊಟ್ಟಿರಲಿಲ್ಲ. ಹಿಂದಿನ ಕೋಚ್ ದುಬೈಗೆ ಹೋದ, ಬೀಗದ ಕೈ ನನ್ನ ಹತ್ತಿರ ಉಳಿಯಿತು, ನಾನು ಕೋಚ್ ಆದೆ. ಅಷ್ಟೇ.

ಜಿಮ್ ಎಂದರೆ ಹಳೆಯ ಗೋದಾಮು. ತಗಡಿನ ಸೂರು. ಕಬ್ಬಿಣದ ಪ್ಲೇಟುಗಳನ್ನು ಕರೂರು ಕೈಗಾರಿಕಾ ಪ್ರದೇಶದ ಒಂದು ಲೇತ್‌ನಲ್ಲಿ ಮಾಡಿಸಿದ್ದು. ಮಾಲೀಕರು ಪಕ್ಕದಲ್ಲೇ ರೈತರಿಂದ ಜೋಳ ಕೊಳ್ಳುವ ವ್ಯಾಪಾರ ಮಾಡುತ್ತಿದ್ದರು. ಹುಡುಗರ ಮೈತೂಕ ನೋಡಬೇಕಾದರೆ ಅವರ ಅಂಗಡಿಯಲ್ಲಿ ಚೀಲ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದೆ. ಈ ಕಾಟಾ ನೆನಪಿರಲಿ.

ನನ್ನ ಹತ್ತಿರ ಬರುತ್ತಿದ್ದವರಲ್ಲಿ ನಿಜವಾದ ಕೆಲಸಗಾರ ಶಾಮನೂರಿನ ಕೊಟ್ರೇಶ ಒಬ್ಬನೇ. ಉಳಿದವರು ಕನ್ನಡಿ ನೋಡಲು ಬರುತ್ತಿದ್ದರು. ಕೊಟ್ರೇಶ ಅದೇ ಕರೂರಿನ ಲೇತ್‌ನಲ್ಲಿ ದಿನಗೂಲಿಗೆ ದುಡಿಯುತ್ತಿದ್ದ. ಸಂಜೆ ಬಂದು ಎರಡು ಗಂಟೆ ಭಾರ ಎತ್ತಿ, ಭುಜದವರೆಗೆ ಬಿಟ್ಟಿದ್ದ ಕೂದಲನ್ನು ಒಮ್ಮೆ ಬಾಚಿಕೊಂಡು ಮನೆಗೆ ಹೋಗುತ್ತಿದ್ದ. ಮನೆಯಲ್ಲಿ ತಾಯಿ ಹಾಲಮ್ಮ, ಒಂದೂವರೆ ಎಕರೆ, ಒಂದು ಎಮ್ಮೆ.

ಆ ವರ್ಷ ಹರಿಹರದ ಒಂದು ಕಾರ್ಖಾನೆ ಟ್ರಯಲ್ ನಡೆಸಿ ತನ್ನ ತಂಡಕ್ಕೆ ಒಬ್ಬ ವೇಟ್‌ಲಿಫ್ಟರ್ ತೆಗೆದುಕೊಳ್ಳುವುದಾಗಿ ತಿಳಿಸಿತು. ಗೆದ್ದವನಿಗೆ ಅಲ್ಲೇ ಕಾಯಂ ಕೆಲಸ. ಎಪ್ಪತ್ತೇಳು ಕೆಜಿ ವರ್ಗ. ಅಂದರೆ ಎತ್ತುವವನ ಮೈತೂಕ ಎಪ್ಪತ್ತೇಳು ದಾಟಬಾರದು. ಆಟದಲ್ಲಿ ಎರಡು ಎತ್ತು. ನೆಲದಿಂದ ಒಂದೇ ಏಟಿಗೆ ತಲೆಯ ಮೇಲೆ ಎತ್ತುವುದು ಸ್ನ್ಯಾಚ್. ಮೊದಲು ಭುಜಕ್ಕೆ ತಂದು ಆಮೇಲೆ ಮೇಲೆ ತಳ್ಳುವುದು ಕ್ಲೀನ್ ಅಂಡ್ ಜರ್ಕ್. ಎರಡೂ ಸೇರಿ ಇನ್ನೂರ ಮೂವತ್ತು ಕೆಜಿ ಆಗಬೇಕು ಎಂದು ಬರೆದಿದ್ದರು. ಕೊಟ್ರೇಶ ಆಗ ಇನ್ನೂರ ಐದು ಎತ್ತುತ್ತಿದ್ದ. ಮೈತೂಕ ಎಪ್ಪತ್ತಮೂರು. ವಯಸ್ಸಿನ ಮಿತಿ ಇಪ್ಪತ್ತೈದು. ಟ್ರಯಲ್ ಆದ ಮುಂದಿನ ತಿಂಗಳೇ ಅವನಿಗೆ ಇಪ್ಪತ್ತೈದು ತುಂಬುತ್ತಿತ್ತು. ಈ ಸಲ ಇಲ್ಲ ಎಂದರೆ ಲೇತೇ ಗತಿ. ಐದು ತಿಂಗಳು ಇತ್ತು.

ಆಗ ಬಂದವನು ಏಜೆಂಟ್. ಟೈ ಕಟ್ಟಿಕೊಂಡು, ಸೂಟ್‌ಕೇಸ್ ಹಿಡಿದು ಜಿಮ್‌ನಿಂದ ಜಿಮ್‌ಗೆ ಪುಡಿ ಮಾರುತ್ತಿದ್ದ. ಡಬ್ಬದ ಮೇಲೆ ಒಬ್ಬ ಬಿಳಿಯ ಪೈಲ್ವಾನ. ಕೆಳಗೆ ಇಂಗ್ಲಿಷ್. ಏಜೆಂಟ್ ಓದಿ ಹೇಳಿದ, ಇದು ಗಿಡದಿಂದ ತೆಗೆದ ಸ್ಟೆರಾಯ್ಡ್ ಎಂದು. ಸ್ಟೆರಾಯ್ಡ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಗಂಡಸರ ಮೈಯಲ್ಲಿ ಖಂಡ ಬೆಳೆಸುವ ಒಂದು ಹಾರ್ಮೋನು ಇರುತ್ತದೆ. ಅದರಂತೆ ಮಾಡಿದ ಔಷಧವನ್ನು ಕೆಲವರು ಸೂಜಿಯಲ್ಲಿ ಚುಚ್ಚಿಕೊಳ್ಳುತ್ತಾರೆ. ಆಟದಲ್ಲಿ ಅದು ನಿಷೇಧ, ಆರೋಗ್ಯಕ್ಕೂ ಕೇಡು. ಇವನ ಪ್ರಕಾರ ಮೆಂತ್ಯ, ಕಾಡುಗೆಣಸು, ನೆಗ್ಗಿಲು ಮುಳ್ಳು ಇವುಗಳಲ್ಲೂ ಅದೇ ಜಾತಿಯ ವಸ್ತು ಇದೆ, ಹೊಟ್ಟೆಗೆ ಹೋದರೆ ಹಾರ್ಮೋನಾಗಿ ಬದಲಾಗುತ್ತದೆ, ಗಿಡದ್ದಾದ್ದರಿಂದ ಕೇಡೂ ಇಲ್ಲ, ಕಾನೂನೂ ಇಲ್ಲ. ನಾನು ನಂಬಿದೆ. ಡಬ್ಬದ ಬೆಲೆ ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ, ಬಿಡಿ.

ಕೊಟ್ರೇಶನಿಗೆ ಟಾನಿಕ್ ಎಂದು ಹೇಳಿ ಕೊಟ್ಟೆ. ಬೆಳಿಗ್ಗೆ ಎರಡು ಚಮಚ, ಸಂಜೆ ಎರಡು ಚಮಚ, ಹಾಲಿನಲ್ಲಿ. ಮೊದಲ ದಿನ ಜಿಮ್‌ನಲ್ಲೇ ಕುಡಿಸಿದೆ. ಮುಖ ಕಿವುಚಿದ. ಡಬ್ಬ ಮನೆಗೆ ಒಯ್ದು ಅಡುಗೆಮನೆ ಗೂಡಿನಲ್ಲಿಟ್ಟ. ಒಂದು ವಾರವಾದ ಮೇಲೆ ರುಚಿ ಬದಲಾಗಿದೆ ಎಂದ.

“ಉಸ್ತಾದ, ಈಗ ಸ್ವಲ್ಪ ಉಪ್ಪುಪ್ಪು ಹತ್ತತೈತೆ. ಇಂಗಿನ ವಾಸ್ನಿನೂ ಬರ್ತೈತೆ.”

ಗೊತ್ತಿಲ್ಲ ಎಂದು ಕೋಚ್ ಆದವನು ಹೇಳುವ ಹಾಗಿಲ್ಲವಲ್ಲ. ಪವರ್ ಎಲ್ಲ ಡಬ್ಬದ ತಳದಲ್ಲಿ ಕೂತಿರುತ್ತದೆ, ಅದರ ರುಚಿ ಹಾಗೇ ಎಂದುಬಿಟ್ಟೆ. ಅವನು ಮೂಗು ಹಿಡಿದು ಕುಡಿಯತೊಡಗಿದ.

ಆದರೆ ಕೆಲಸ ಮಾಡಿತು ನೋಡಿ. ಎರಡನೇ ತಿಂಗಳಿಗೆ ಇನ್ನೂರ ಹದಿನೈದು. ನಾಲ್ಕನೇ ತಿಂಗಳಿಗೆ ಇನ್ನೂರ ಇಪ್ಪತ್ತೈದು. ಅಂಗಿಯ ತೋಳು ಬಿಗಿಯಾಗಿ ಹರಿಯಿತು. ನಾನು ಎದೆ ಉಬ್ಬಿಸಿಕೊಂಡು ಓಡಾಡಿದೆ. ಕನ್ನಡಿ ನೋಡಲು ಬರುತ್ತಿದ್ದವರೂ ಡಬ್ಬ ಕೇಳಿದರು. ಕೊಟ್ರೇಶನಿಗೆ ಒಟ್ಟು ನಾಲ್ಕು ಡಬ್ಬ ಕೊಡಿಸಿದೆ.

ಟ್ರಯಲ್‌ಗೆ ಎಂಟು ದಿನ ಇರುವಾಗ ಕಾರ್ಖಾನೆಯಿಂದ ಇನ್ನೊಂದು ಕಾಗದ ಬಂತು. ಗೆದ್ದವನ ಮೂತ್ರ ಪರೀಕ್ಷೆ ಮಾಡಿಸುತ್ತೇವೆ, ಸ್ಟೆರಾಯ್ಡ್ ಸಿಕ್ಕರೆ ಕೆಲಸ ಇಲ್ಲ, ಮುಂದೆ ಯಾವ ಸ್ಪರ್ಧೆಗೂ ಸೇರಿಸುವುದಿಲ್ಲ ಎಂದು ಇತ್ತು. ಕೊಟ್ರೇಶ ಅದನ್ನು ಓದಿ ಮಡಚಿ ಜೇಬಿಗೆ ಹಾಕಿಕೊಂಡು ಭಾರ ಎತ್ತಲು ಹೋದ. ಅವನಿಗೇನು, ಅವನು ಟಾನಿಕ್ ಕುಡಿಯುತ್ತಿದ್ದ. ಸ್ಟೆರಾಯ್ಡ್ ಕುಡಿಸುತ್ತಿದ್ದವನು ನಾನು.

ಎಸ್‌ಟಿಡಿ ಬೂತ್‌ನಿಂದ ಏಜೆಂಟನಿಗೆ ಫೋನ್ ಮಾಡಿದೆ. ಸಿಗಲಿಲ್ಲ. ವಿನೋಬನಗರದಲ್ಲೇ ಒಬ್ಬ ಡಾಕ್ಟರ್ ಇದ್ದರು, ಅವರ ಹತ್ತಿರ ಹೋಗಿ ಎಲ್ಲ ಬಿಚ್ಚಿ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು ನಿಧಾನವಾಗಿ ತಿಳಿಸಿದರು. ಗಿಡದಲ್ಲಿ ಅಂಥ ವಸ್ತು ಇರುವುದು ನಿಜ. ಅದರಿಂದ ಹಾರ್ಮೋನು ಮಾಡುವುದೂ ನಿಜ.

“ಆದ್ರೆ ಅದನ್ನ ಮಾಡೋದು ಫ್ಯಾಕ್ಟರಿಯೊಳಗೆ ಕಣಯ್ಯ, ಹೊಟ್ಟೆಯೊಳಗಲ್ಲ. ಮೆಂತ್ಯ ತಿಂದು ಭೀಮ ಆಗೋದಾಗಿದ್ರೆ ನಮ್ಮೂರ ಬಾಣಂತಿಯರೆಲ್ಲ ಭೀಮರಾಗಿರೋರು.”

ನನಗೆ ಜೀವ ಬಂತು. ಮರುಕ್ಷಣ ಅವರೇ ಜೀವ ತೆಗೆದರು. ಇಂಥ ಪುಡಿ ಕೆಲಸ ಮಾಡುವುದಿಲ್ಲವೆಂದು ಗೊತ್ತಿರುವ ಕೆಲವರು ನಿಜವಾದ ಸ್ಟೆರಾಯ್ಡನ್ನೇ ಅದರಲ್ಲಿ ಬೆರೆಸುತ್ತಾರಂತೆ. ಹುಡುಗ ಇಷ್ಟು ಬೇಗ ಬೆಳೆದಿದ್ದರೆ ಅನುಮಾನ ಪಡಲೇಬೇಕು, ಡಬ್ಬ ತೆಗೆದುಕೊಂಡು ಬಾ ಎಂದರು.

ಸೈಕಲ್ ತುಳಿದು ಶಾಮನೂರಿಗೆ ಹೋದೆ. ಕೊಟ್ರೇಶ ಕೆಲಸಕ್ಕೆ ಹೋಗಿದ್ದ. ಹಾಲಮ್ಮ ಎಮ್ಮೆ ತೊಳೆಯುತ್ತಿದ್ದಳು. ಡಬ್ಬ ಕೇಳಿದೆ. ತಂದುಕೊಟ್ಟಳು. ಮುಚ್ಚಳ ತೆಗೆದು ನೋಡಿದರೆ ಅರಿಶಿನ ಬಣ್ಣದ ಪುಡಿ. ಏಜೆಂಟ್ ಕೊಟ್ಟದ್ದು ಬೂದಿ ಬಣ್ಣದ್ದು. ಬೆರಳಿಗೆ ಹಚ್ಚಿ ನೆಕ್ಕಿದೆ. ಉಪ್ಪು, ಇಂಗು, ಒಣಮೆಣಸಿನಕಾಯಿ. ನಮ್ಮ ಮನೆಯಲ್ಲೂ ಮೊಸರನ್ನಕ್ಕೆ ಕಲಸಿಕೊಳ್ಳುವ ಮೆಂತ್ಯದ ಹಿಟ್ಟು. ಬೇಳೆ, ಗೋಧಿ, ಮೆಂತ್ಯ ಹುರಿದು ಬೀಸಿದ್ದು.

ಡಬ್ಬದಲ್ಲಿದ್ದದ್ದು ಎಲ್ಲಿ ಎಂದು ಕೇಳಿದೆ. ಹಾಲಮ್ಮ ಮೊದಲು ನೆಲ ನೋಡಿದಳು, ಆಮೇಲೆ ಎಮ್ಮೆ ನೋಡಿದಳು.

“ಬೈಬ್ಯಾಡ ತಮ್ಮ. ಮೂಸಿ ನೋಡ್ದೆ, ಮೆಂತ್ಯದ ವಾಸ್ನಿ ಬಂತು. ಉಪ್ಪಿಲ್ಲ, ಖಾರಿಲ್ಲ, ಯಾರೋ ಬರಗೆಟ್ಟೋರು ಬೀಸಿದ್ದು. ಎಮ್ಮಿ ಆಗಷ್ಟ ಈದಿತ್ತು, ಹಾಲು ಕಮ್ಮಿ ಇತ್ತು. ಕಲಗಚ್ಚಿಗೆ ಕಲಸಿ ಇಟ್ಟೆ.”

“ನಾಲ್ಕೂ ಡಬ್ಬನಾ?”

“ಬರ್ತಿದ್ದಂಗ ಇಟ್ಟೆ. ಹುಡುಗ ಬೇಜಾರಾಗ್ತಾನಂತ ಡಬ್ಬಿಗೆ ನಮ್ಮ ಹಿಟ್ಟು ತುಂಬಿದೆ. ಮೆಂತ್ಯಾನ ತಿನ್ನಬೇಕಂದ್ರ ಮನೀದ ತಿನ್ಲಿ.”

ಬಾಣಂತಿಗೆ, ಈದ ಎಮ್ಮೆಗೆ ಮೆಂತ್ಯ ಕೊಡುವುದು ನಮ್ಮ ಕಡೆ ಪದ್ಧತಿ. ಅವಳ ತಪ್ಪೇನೂ ಇರಲಿಲ್ಲ. ಐದು ತಿಂಗಳು ಕೊಟ್ರೇಶ ಹಾಲಿಗೆ ಒಗ್ಗರಣೆ ವಾಸನೆಯ ಹಿಟ್ಟು ಕಲಸಿ, ಉಸ್ತಾದನ ಮಾತೆಂದು ಮೂಗು ಹಿಡಿದು ಕುಡಿದಿದ್ದ. ನಾನು ಹಾಲಮ್ಮನ ಕಾಲಿಗೆ ಬಿದ್ದೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ.

ಸೈಕಲ್ ಹತ್ತಿ ಅರ್ಧ ದಾರಿ ಬಂದಾಗ ತಲೆಗೆ ಹೊಳೆಯಿತು. ಆ ಎಮ್ಮೆಯ ಹಾಲು ಕುಡಿಯುವವನು ಯಾರು? ಕೊಟ್ರೇಶ. ದಿನಕ್ಕೆ ಎರಡು ಲೀಟರ್.

ಮತ್ತೆ ಡಾಕ್ಟರ ಹತ್ತಿರ ಹೋದೆ. ಎಮ್ಮೆ ಸ್ಟೆರಾಯ್ಡ್ ತಿಂದರೆ ಹಾಲಿಗೆ ಇಳಿಯುತ್ತದೆಯೇ ಎಂದು ಕೇಳಿದೆ. ಹೊರಗೆ ಕೂತಿದ್ದ ರೋಗಿಗಳೂ ಕಿವಿ ಕೊಟ್ಟರು. ಡಾಕ್ಟರ್ ಬಹಳ ಹೊತ್ತು ನಕ್ಕು, ಕಣ್ಣು ಒರೆಸಿಕೊಂಡು, ಟ್ರಯಲ್‌ಗೆ ಹೋಗುವುದು ಎಮ್ಮೆ ಆಗಿದ್ದರೆ ತಾನೂ ಹೆದರುತ್ತಿದ್ದೆ ಎಂದರು. ಅಷ್ಟು ದೂರ ಏನೂ ಬರುವುದಿಲ್ಲವಂತೆ. ಆದರೂ ಆ ಎಂಟು ದಿನ ಕೊಟ್ರೇಶನಿಗೆ ಹಾಲು ಬಿಡಿಸಿದೆ. ಯಾಕೆಂದು ಹೇಳಲಿಲ್ಲ.

ಟ್ರಯಲ್ ದಿನ ಬೆಳಿಗ್ಗೆ ಕಾಟಾದ ಮೇಲೆ ನಿಲ್ಲಿಸಿದೆ. ಸರಿಯಾಗಿ ಎಪ್ಪತ್ತೇಳು. ಹಾಲಮ್ಮನೂ ಒಂದು ಕಂಬಳಿ, ಒಂದು ಹಾಲಿನ ಕ್ಯಾನು ಹಿಡಿದು ಹೊರಟಳು. ಬಸ್ಸಿನಲ್ಲಿ ಹರಿಹರಕ್ಕೆ ಹೋದೆವು. ಅಲ್ಲಿ ತೂಕ ನೋಡಲು ಒಂದು ಗಂಟೆ ಸಮಯ. ಆ ಗಂಟೆಯೊಳಗೆ ಎಷ್ಟು ಸಲ ಬೇಕಾದರೂ ಯಂತ್ರ ಹತ್ತಬಹುದು. ಕೊಟ್ರೇಶ ಹತ್ತಿದ. ಎಪ್ಪತ್ತೇಳು ಕೆಜಿ ಎಂಟುನೂರು ಗ್ರಾಂ.

ಯಂತ್ರ ಕೆಟ್ಟಿದೆ ಎಂದು ನಾನು ವಾದಕ್ಕೆ ನಿಂತೆ. ನಮ್ಮ ಮಾಲೀಕರ ಕಾಟಾದ ಹೆಸರು ಹೇಳಿದೆ. ಹಾಲಮ್ಮ ನನ್ನ ತೋಳು ಹಿಡಿದು ಆಚೆ ಎಳೆದಳು.

“ಆ ಕಾಟಾದ ಮ್ಯಾಲ ನಮ್ಮ ಜ್ವಾಳ ಯಾವತ್ತು ಸರಿ ತೂಗೈತಿ, ನನ್ನ ಮಗ ಸರಿ ತೂಗಾಕ?”

ಕೊಳ್ಳುವವರ ಕಾಟಾ ಯಾವ ಕಡೆ ತಪ್ಪುತ್ತದೆ ಎಂದು ದಾವಣಗೆರೆಯಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು. ನನಗೆ ಮಾತ್ರ ಹೊಳೆದಿರಲಿಲ್ಲ.

ಕೊಟ್ರೇಶನಿಗೆ ಕಂಬಳಿ ಹೊದಿಸಿದೆ. ಬಾಯಿಗೆ ಹುಣಸೆಹಣ್ಣು ಹಾಕಿದೆ, ಎಂಜಲು ಉಗುಳಿದಷ್ಟೂ ತೂಕ ಇಳಿಯುತ್ತದೆ. ತುಂಗಭದ್ರಾ ಸೇತುವೆಯ ಕಡೆಗೆ ಓಡಿಸಿದೆ. ಏಪ್ರಿಲ್ ಬಿಸಿಲು. ಕಂಬಳಿ ಹೊದ್ದು, ದಾರಿಯುದ್ದಕ್ಕೂ ಉಗುಳುತ್ತ ಓಡುವ ದೈತ್ಯ, ಹಿಂದೆ ಸೈಕಲ್ ಬಾಡಿಗೆಗೆ ಪಡೆದ ನಾನು. ಹುಚ್ಚ ತಪ್ಪಿಸಿಕೊಂಡಿದ್ದಾನೆ ಎಂದು ತಿಳಿದು ಇಬ್ಬರು ನನ್ನ ಸಹಾಯಕ್ಕೂ ಬಂದರು. ವಾಪಸ್ ಬಂದು ಯಂತ್ರ ಹತ್ತಿಸಿದರೆ ಎಪ್ಪತ್ತೇಳು ಕೆಜಿ ನೂರು ಗ್ರಾಂ. ಉಳಿದದ್ದು ಹದಿನೈದು ನಿಮಿಷ. ಅವನ ಮೈಯಲ್ಲಿ ಇಳಿಯಲು ಬೆವರೂ ಇರಲಿಲ್ಲ, ಬಾಯಲ್ಲಿ ಎಂಜಲೂ ಇರಲಿಲ್ಲ.

ಹಾಲಮ್ಮ ಮಗನ ತಲೆ ನೋಡಿದಳು. ಕೊಟ್ರೇಶ ಎರಡೂ ಕೈ ತಲೆಯ ಮೇಲಿಟ್ಟುಕೊಂಡ.

“ಬ್ಯಾಡವ್ವ,” ಎಂದ.

“ಕೂದ್ಲ ಮತ್ತ ಬರ್ತಾವು. ವಯಸ್ಸು ವಾಪಸ್ ಬರಂಗಿಲ್ಲ. ನಡಿ.”

ಗೇಟಿನ ಎದುರೇ ಕ್ಷೌರದ ಅಂಗಡಿ. ಯಾರು ತೀರಿಕೊಂಡರು ಎಂದು ಕ್ಷೌರಿಕ ಸಂಕಟದಿಂದ ಕೇಳಿದ. ನೂರು ಗ್ರಾಂ ಎಂದೆ. ತಲೆ ನುಣ್ಣಗಾಯಿತು, ಮೀಸೆಯೂ ಹೋಯಿತು. ಯಂತ್ರದ ಮುಳ್ಳು ಎಪ್ಪತ್ತೇಳರ ಮೇಲೆ ನಿಂತಿತು.

ಬೋಡು ತಲೆಯ ಸಿಟ್ಟನ್ನೆಲ್ಲ ಅವನು ಕಬ್ಬಿಣದ ಮೇಲೆ ತೀರಿಸಿಕೊಂಡ. ಸ್ನ್ಯಾಚ್ ನೂರ ಎರಡೂವರೆ. ಜರ್ಕ್‌ನಲ್ಲಿ ನೂರ ಮೂವತ್ತಕ್ಕೆ ಎರಡು ಸಲ ಬಿದ್ದ. ಇದ್ದದ್ದು ಮೂರೇ ಅವಕಾಶ. ಮೂರನೆಯದು ಮೇಲೆ ಹೋಗಿ, ನಡುಗಿ, ನಿಂತಿತು. ಒಟ್ಟು ಇನ್ನೂರ ಮೂವತ್ತೆರಡೂವರೆ. ಬೇರೆ ಯಾರೂ ಅಲ್ಲಿಗೆ ಮುಟ್ಟಲಿಲ್ಲ.

ಇನ್ನು ಉಳಿದದ್ದು ಮೂತ್ರ. ಸೀಸೆ ಕೊಟ್ಟರು. ಅಷ್ಟು ಬೆವರು ಹರಿಸಿದವನಿಗೆ ಎಲ್ಲಿಂದ ಬರಬೇಕು. ಅರ್ಧ ಗಂಟೆ, ಒಂದು ಗಂಟೆ, ಸೀಸೆ ಖಾಲಿ. ಏನಾದರೂ ಕುಡಿಸಿ ಎಂದರು ಅಧಿಕಾರಿ. ಹಾಲಮ್ಮ ಸಂತೋಷದಿಂದ ಕ್ಯಾನು ತೆರೆದಳು. ನಾನು ಹಾರಿ ಕಿತ್ತುಕೊಂಡೆ. ಎಲ್ಲರೂ ನೋಡುತ್ತಿದ್ದರು. ಎಮ್ಮೆ ತಿಂದದ್ದರ ಕಥೆ ಅಲ್ಲಿ ಹೇಳುವಂತಿಲ್ಲ. ಎರಡು ಲೀಟರ್ ಹಾಲನ್ನು ನಿಂತಲ್ಲೇ ನಾನೇ ಕುಡಿದೆ. ಕೊಟ್ರೇಶ ನಲ್ಲಿಯ ನೀರು ಕುಡಿದು ಸಂಜೆ ಐದೂವರೆಗೆ ಸೀಸೆ ತುಂಬಿದ. ನಾನು ಅಷ್ಟರಲ್ಲಿ ನಾಲ್ಕು ಸಲ ಹೋಗಿಬಂದಿದ್ದೆ.

ಮೂರು ವಾರದ ಮೇಲೆ ವರದಿ ಬಂತು. ಏನೂ ಸಿಕ್ಕಿರಲಿಲ್ಲ. ಕೊಟ್ರೇಶ ಹರಿಹರದಲ್ಲಿ ಕೆಲಸಕ್ಕೆ ಸೇರಿದ. ಅಂದೇ ಅವನನ್ನು ಕೂರಿಸಿಕೊಂಡು ಡಬ್ಬದ ಸತ್ಯ ಎಲ್ಲ ಹೇಳಿದೆ. ಟಾನಿಕ್ ಅಂತ ಸುಳ್ಳು ಹೇಳಿದ್ದಕ್ಕೆ ಒಂದು ವಾರ ಮಾತು ಬಿಟ್ಟ. ಬಿಡಬೇಕಾದದ್ದೇ. ಬಚಾವಾಗಿದ್ದು ಹಾಲಮ್ಮನ ಮೂಗಿನಿಂದ, ನನ್ನ ತಲೆಯಿಂದಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಏನೆಂದು ಗೊತ್ತಿಲ್ಲದ್ದನ್ನು ಇನ್ನೊಬ್ಬರ ಮಗನ ಬಾಯಿಗೆ ಹಾಕಬಾರದು. ಹುಡುಗ ಬೆಳೆದದ್ದು ಎತ್ತಿದ್ದರಿಂದ, ಬೇಳೆಯಿಂದ, ಹಾಲಿನಿಂದ. ಈಗ ಹೊಸಬ ಸೇರಿದರೆ ಮೊದಲು ಅವನ ಮನೆಗೆ ಹೋಗಿ ಅಡುಗೆಮನೆ ನೋಡುತ್ತೇನೆ.

ಏಜೆಂಟ್ ಮತ್ತೆ ಬಂದ, ಅದೇ ಟೈ. ಶಾಮನೂರಿನ ಕೇಸು ಹೇಗಾಯಿತು, ಹೇಳಿದರೆ ಉಳಿದ ಜಿಮ್‌ಗಳಲ್ಲೂ ಹೇಳಿಕೊಳ್ಳುತ್ತೇನೆ ಎಂದ. ತಿಂದವರನ್ನೇ ಕೇಳೋಣ ಎಂದು ಕರೆದುಕೊಂಡು ಹೋಗಿ ಎಮ್ಮೆಯ ಮುಂದೆ ನಿಲ್ಲಿಸಿದೆ. ನಾಲ್ಕು ಡಬ್ಬ ಹಾಕಿದ ಮೇಲೆ ಹಾಲು ಎಷ್ಟು ಹೆಚ್ಚಾಯಿತು ಎಂದು ಹಾಲಮ್ಮನನ್ನು ಕೇಳಿದೆ. ಅವಳು ಏಜೆಂಟನನ್ನು ಮೇಲಿಂದ ಕೆಳಗೆ ನೋಡಿದಳು.

“ಒಂದು ಲೋಟ ಸೈತ ಹೆಚ್ಚಾಗ್ಲಿಲ್ಲರಿ. ಮನೀ ಮೆಂತ್ಯಾನ ಎಮ್ಮಿಗಿಟ್ಟು, ನಿಮ್ದು ತಿಪ್ಪಿಗೆ ಹಾಕಬೇಕಿತ್ತು.”