ಪೆನಿನಾ ಅತ್ತೆಯ ಶುಕ್ರವಾರದ ಒಲೆ

ಬೆಳಗಿನ ಐದು ಗಂಟೆ. ನಬುಕೋಲೊ ಗುಡ್ಡದ ಕಾಫಿ ತೋಟಗಳಲ್ಲಿ ಇನ್ನೂ ಕತ್ತಲೆ ಕರಗಿಲ್ಲ. ಪ್ರಾರ್ಥನಾ ಮಂದಿರದ ಹಿಂದಿನ ಹುಲ್ಲಿನ ಚಪ್ಪರದಡಿ ಪೆನಿನಾ ಮುಟೋನ್ಯಿ ಮಂಡಿಯೂರಿ ಕೂತು, ಮಣ್ಣಿನ ದೊಡ್ಡ ಒಲೆಯ ಬಾಯೊಳಗೆ ಹೆಗಲವರೆಗೂ ಕೈ ತೂರಿಸಿ ಹಳೆಯ ಬೂದಿ ಬಾಚುತ್ತಿದ್ದಾರೆ. ವಯಸ್ಸು ಐವತ್ತೊಂಬತ್ತು. ಹುಬ್ಬಿನ ಮೇಲೆ ಬೂದಿ, ಮೂಗಿನ ತುದಿಯಲ್ಲಿ ಬೂದಿ.

"ಇವತ್ತು ಶುಕ್ರವಾರ. ಇವತ್ತು ನನ್ನನ್ನ ಯಾರೂ ಮಾತಾಡಿಸ್ಬಾರ್ದು," ಎನ್ನುತ್ತಾರೆ. ಅಲ್ಲಿಂದ ಶುರುವಾದ ಮಾತು ಬಿಸಿಲೇರುವವರೆಗೂ ನಿಲ್ಲುವುದಿಲ್ಲ.

ಇಂದು ಸಂಜೆ ಸೂರ್ಯ ಮುಳುಗಿದರೆ ಶಬ್ಬಾತ್, ವಾರದ ವಿಶ್ರಾಂತಿಯ ದಿನ. ನಾಳೆ ನಕ್ಷತ್ರ ಕಾಣುವವರೆಗೆ ಊರಿನ ಯಹೂದಿಗಳ ಯಾವ ಮನೆಯಲ್ಲೂ ಬೆಂಕಿ ಹೊತ್ತಿಸುವಂತಿಲ್ಲ. ಹಾಗಾಗಿ ಮಧ್ಯಾಹ್ನ ನಾಲ್ಕರೊಳಗೆ ನಲವತ್ಮೂರು ಮನೆಗಳಿಂದ ನಲವತ್ಮೂರು ಮಡಕೆಗಳು ಬಾಳೆ ಎಲೆಯಲ್ಲಿ ಬಾಯಿ ಕಟ್ಟಿಸಿಕೊಂಡು ಈ ಒಲೆಗೆ ಬರುತ್ತವೆ. ಕೆಂಪು ಕಾಳು, ಬಾಳೆಕಾಯಿ, ಸಿಹಿಗೆಣಸು, ಅನುಕೂಲಸ್ಥರದಾದರೆ ಒಂದೆರಡು ತುಂಡು ಮಾಂಸ. ಪೆನಿನಾ ಅವನ್ನು ಒಳಗೆ ಜೋಡಿಸಿ, ಒಲೆಯ ಬಾಯಿಗೆ ಹಲಗೆ ಇಟ್ಟು, ಸಂದುಗಳಿಗೆ ಜೌಗು ಮಣ್ಣು ಮೆತ್ತುತ್ತಾರೆ. ಮರುದಿನ ಮಧ್ಯಾಹ್ನ ಹಲಗೆ ಸರಿಸಿದರೆ ಇಡೀ ಅಂಗಳಕ್ಕೆ ಬಿಸಿ ಊಟ. ಪಕ್ಕದ ಕೇರಿಯ ಮುಸ್ಲಿಮರು, ಕ್ರೈಸ್ತರು ಕೂಡ ತಟ್ಟೆ ಹಿಡಿದು ಬಂದು ಚಾಪೆಯ ಮೇಲೆ ಕೂರುತ್ತಾರೆ.

ಕೇಳಲು ಸುಲಭ. ಆದರೆ ಹಲಗೆ ಮುಚ್ಚಿದ ಮೇಲೆ ಹದಿನೆಂಟು ಗಂಟೆ ಯಾರೂ ಬೆಂಕಿಯನ್ನು ಕೆದಕುವಂತಿಲ್ಲ, ಆರಿಸುವಂತಿಲ್ಲ. ಉರಿ ಹೆಚ್ಚಾದರೆ ಊರಿಗೆಲ್ಲ ಕರಕಲು, ಕಡಿಮೆಯಾದರೆ ಹಸಿ ಕಾಳು. ಪೆನಿನಾ ಹಿಡಿ ರಾಗಿ ಹಿಟ್ಟನ್ನು ಒಲೆಯೊಳಗೆ ಎರಚಿ ನೋಡುತ್ತಾರೆ. ಹಿಟ್ಟು ಕಪ್ಪಾದರೆ ಇನ್ನೂ ಕಾಯಬೇಕು, ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗಿದರೆ ಸರಿ. ಹನ್ನೊಂದು ವರ್ಷದಿಂದ ಈ ಕೆಲಸ ಮಾಡುತ್ತಿದ್ದಾರೆ. ಸಂಬಳವಿಲ್ಲ. ಪ್ರಾರ್ಥನೆಯ ಕೊನೆಗೆ ಹಾಡಿದವರಿಗೆ, ಓದಿದವರಿಗೆ, ಹೂ ಇಟ್ಟವರಿಗೆಲ್ಲ ವಂದನೆ ಸಲ್ಲುತ್ತದೆ. ಒಲೆಯವರ ಹೆಸರು ಇದುವರೆಗೆ ಯಾರ ಬಾಯಿಗೂ ಬಂದಿಲ್ಲ.

"ಹೆಸರು ಯಾಕೆ ಬೇಕು? ತಟ್ಟೆ ಖಾಲಿಯಾಗಿದ್ಯಲ್ಲ," ಎಂದು ನಗುತ್ತಾರೆ.

ನಗು ಮಾಸಿದ್ದು ಹೋದ ಏಪ್ರಿಲ್‌ನಲ್ಲಿ. ಶುಕ್ರವಾರ ರಾತ್ರಿಯ ಮಳೆಗೆ ಚಪ್ಪರ ಸೋರಿ, ಒಲೆಯ ಬೆನ್ನು ಬಿರಿದು, ನೀರು ಒಳಗಿಳಿಯಿತು. ಮರುದಿನ ನಲವತ್ಮೂರು ಮಡಕೆಗಳೂ ತಣ್ಣಗೆ. ಜನ ಬಾಳೆಹಣ್ಣು ಸುಲಿದು ತಿಂದು ಮನೆಗೆ ನಡೆದರು. "ಯಾರೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎನ್ನುವಾಗ ಅವರ ದನಿ ಇಳಿಯುತ್ತದೆ. ಆ ಮೇಲೆ ಊರ ಹಿರಿಯರು ಹೇಳಿಬಿಟ್ಟರು: ಮುಂದಿನ ಮಳೆಗಾಲದೊಳಗೆ ಗಟ್ಟಿ ಸೂರಾಗದಿದ್ದರೆ ಒಲೆ ಮುಚ್ಚೋಣ, ಮೊದಲಿನ ಹಾಗೆ ಅವರವರ ಮನೆಯಲ್ಲಿ ಆರಿದ ಊಟ ಉಣ್ಣೋಣ. ಮಳೆಗೆ ಇನ್ನು ಐದು ವಾರವಿದೆ.

ಸೂರಿಗೆ ದಾರಿ ಇರುವುದು ಒಂದೇ. ಈ ಸೀಮೆಯ ಯಹೂದಿ ಊರುಗಳೆಲ್ಲ ಸೇರಿ ಪೇಟೆಯಲ್ಲಿ 'ಹೊಸ ಹೆಜ್ಜೆ' ಎಂಬ ನಿಧಿ ನಡೆಸುತ್ತವೆ. ಸಮುದಾಯಕ್ಕೆ ಉಪಯೋಗವಾಗುವ ಹೊಸ ಬಗೆಯ ಯೋಜನೆಗಳಿಗೆ ಅದು ಅನುದಾನ ಕೊಡುತ್ತದೆ. ನಬುಕೋಲೊದ ಅರ್ಜಿ ಹೋದ ವರ್ಷವೇ ಹೋಗಿತ್ತು. ಬರೆದವರು ಪೆನಿನಾ ಅವರ ಅಣ್ಣನ ಮಗ, ಶಾಲಾ ಮೇಷ್ಟ್ರು ಎಲಿಯಾಬ್. ನಡೆದದ್ದನ್ನು ಹೇಳುವಾಗ ಅವರು ಇಂದಿಗೂ ತಲೆ ತಗ್ಗಿಸುತ್ತಾರೆ.

"ಎಷ್ಟು ಜನಕ್ಕೆ ಉಪಯೋಗ ಅಂತ ಅರ್ಜೀಲಿ ಒಂದು ಕಲಂ ಇತ್ತು. ಎಷ್ಟು ಜನ ಉಣ್ತಾರೆ ಅತ್ತೆ ಅಂದೆ. ಕೈಲಿದ್ದ ಸೌದೆ ಎತ್ತಿದ್ರು."

"ಮತ್ತೇನೋ? ಜನರ ತಲೆ ಎಣಿಸ್ತಾರೇನೋ ಯಾರಾದ್ರೂ? ಕಣ್ಣು ಬೀಳುತ್ತೆ," ಎಂದು ಪೆನಿನಾ ಒಲೆಯ ಬಳಿಯಿಂದಲೇ ಗದರುತ್ತಾರೆ.

ಜನರನ್ನು ಎಣಿಸಬಾರದೆಂಬುದು ಇಲ್ಲಿಯವರು ಬಿಡದೆ ನಡೆಸಿಕೊಂಡು ಬಂದ ಕಟ್ಟಳೆ. ಪೆನಿನಾ ಅದಕ್ಕೊಂದು ಉಪಾಯ ಕಂಡುಕೊಂಡಿದ್ದಾರೆ. ನಾಳೆ ಉಣ್ಣುವವರ ಪಾಲಿಗೆ ತಲಾ ಒಂದು ಹಸಿ ಮೊಟ್ಟೆ ಮಡಕೆಯೊಳಗೆ ಬೀಳುತ್ತದೆ. ಅತಿಥಿಗಳದ್ದು ಪೆನಿನಾ ಅವರೇ ಹಾಕುತ್ತಾರೆ. ಎಣಿಸುವುದು ಮೊಟ್ಟೆಯನ್ನು. ಎಲಿಯಾಬ್ ಮೇಷ್ಟ್ರು ಸುಳ್ಳು ಬರೆಯುವವರಲ್ಲ. ಕಲಮ್ಮಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆದರು: ವಾರಕ್ಕೆ ಇನ್ನೂರ ಎಂಬತ್ತಾರು ಮೊಟ್ಟೆ.

ಮೂರು ತಿಂಗಳ ಮೇಲೆ ಒಂದು ಗುರುವಾರ ಲಾರಿ ಬಂತು. ಅದರೊಳಗೆ ನೂರು ಕೋಳಿ, ಎರಡು ಮೂಟೆ ಕೋಳಿ ಮೇವು, ಕೋಳಿ ಸಾಕುವುದು ಹೇಗೆಂಬ ಒಂದು ಪುಸ್ತಕ. ಇನ್ನಷ್ಟು ಮೊಟ್ಟೆ ಬರಲಿ ಎಂದು ಹಾರೈಸಿದ ಪತ್ರ ಬೇರೆ. ಊರು ವಾರಗಟ್ಟಲೆ ನಕ್ಕಿತು. ಕೋಳಿಗಳು ಮನೆಮನೆಗೆ ಹಂಚಿಹೋದವು. ಒಂದು ಕೆಂಪು ಹುಂಜ ಮಾತ್ರ ಚಪ್ಪರ ಬಿಟ್ಟು ಕದಲಿಲ್ಲ. ಪೆನಿನಾ ಅದನ್ನು 'ಮೇಷ್ಟ್ರು' ಎಂದೇ ಕರೆಯುತ್ತಾರೆ.

ಎಲಿಯಾಬ್ ಮತ್ತೆ ಅರ್ಜಿ ಹಾಕಿದರು. ಈ ಸಲ ನಿಧಿಯವರು ಹುಷಾರಾದರು. ಕಣ್ಣಾರೆ ನೋಡದೆ ಕೊಡುವುದಿಲ್ಲ ಎಂದು ಶಿಫ್ರಾ ನಗುಡಿ ಎಂಬ ಅಧಿಕಾರಿಯನ್ನು ಕಳಿಸಿದರು. ಶಬ್ಬಾತ್ ದಿನ ಗಾಡಿ ಹತ್ತುವಂತಿಲ್ಲವಾದ್ದರಿಂದ ಆಕೆ ಶುಕ್ರವಾರವೇ ಬಂದಿಳಿದರು. ಜನ ಉಣ್ಣುವ ಫೋಟೊ ತರಲೇಬೇಕೆಂದು ಆಕೆಗೆ ಅಪ್ಪಣೆಯಾಗಿತ್ತು. ಉಣ್ಣುವುದು ಶನಿವಾರ. ಶನಿವಾರ ಫೋಟೊ ತೆಗೆಯುವಂತಿಲ್ಲ, ಬರೆಯುವಂತೆಯೂ ಇಲ್ಲ. ಶುಕ್ರವಾರವೇ ಜನರನ್ನು ಕೂರಿಸಿ ತೆಗೆಯಬಹುದಲ್ಲ ಎಂದು ಯಾರೋ ಅಂದರು. "ಖಾಲಿ ತಟ್ಟೆ ಮುಂದೆ ಕೂತು ಬಾಯಿ ಆಡಿಸ್ಬೇಕಾ? ನಾಟಕದೋರಾ ನಾವು?" ಎಂದು ಪೆನಿನಾ ಒಂದೇ ಮಾತಿನಲ್ಲಿ ಮುಗಿಸಿದರು. ಶಿಫ್ರಾ ಕ್ಯಾಮೆರಾವನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ಶನಿವಾರ ಎಲ್ಲರ ಜೊತೆ ಕೂತು ಎರಡು ಸಲ ಬಡಿಸಿಕೊಂಡು ಉಂಡರು.

ಭಾನುವಾರ ಬೆಳಿಗ್ಗೆ ಆಕೆ ಕಾಗದ ಬಿಚ್ಚಿದರು. ಜನಸಂಖ್ಯೆಯ ಕಲಮ್ಮಿನಲ್ಲಿ 'ಚಾಪೆಯ ಮೇಲೆ ನನಗೆ ಜಾಗ ಸಿಗುವುದೇ ಕಷ್ಟವಾಯಿತು' ಎಂದು ತಾವೇ ಬರೆದುಕೊಂಡರು. ಆಮೇಲಿನ ಪ್ರಶ್ನೆಗೆ ಪೆನ್ನು ನಿಂತಿತು. "ಇದರಲ್ಲಿ ಹೊಸದೇನು ಅಂತ ಕೇಳಿದಾರೆ ಅಮ್ಮಾ. ಹೊಸದಿಲ್ದೆ ಇದ್ರೆ ನಮ್ಮ ನಿಧಿ ಕೊಡಲ್ಲ. ಏನು ಬರೀಲಿ?"

ಎಲಿಯಾಬ್ ಏನೋ ದೊಡ್ಡ ಮಾತು ಹೇಳಲು ಬಾಯಿ ತೆರೆದರು. ಪೆನಿನಾ ತಡೆದರು.

"ಹೊಸದೇನೂ ಇಲ್ಲಮ್ಮಾ. ಈ ಥರದ ಒಲೆ ನಮ್ಮವ್ವಂದೇ. ನಮ್ಮ ಪ್ರಾರ್ಥನೆ ಮಾಡಬಾರ್ದು ಅಂತ ಸರ್ಕಾರ ಅಂದಿತ್ತಲ್ಲ ಎಂಟು ವರ್ಷ, ಆಗ ಶನಿವಾರ ಯಾರ ಮನೇಲಿ ಹೊಗೆ ಏಳಲ್ವೋ ಅವರ ಮನೆಗೆ ಪೊಲೀಸ್ನೋರು ಬರೋರು. ಅದಕ್ಕೆ ನಮ್ಮವ್ವ ಶುಕ್ರವಾರಾನೇ ಕೆಂಡದ ಮೇಲೆ ಒದ್ದೆ ಹೊಟ್ಟು ಸುರಿದು ಮಣ್ಣು ಮೆತ್ತೋಳು. ಮಾರನೇ ದಿನ ಪೂರ್ತಿ ಸಣ್ಣಗೆ ಹೊಗೆ ಹೋಗ್ತಾ ಇರೋದು. ಒಳಗೆ ಅಪ್ಪ ಪಿಸುಗುಟ್ಟಿ ಪ್ರಾರ್ಥನೆ ಮಾಡೋನು. ಬಾಗಿಲಿಗೆ ಅಗಳಿ ಇರ್ಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ಕೂರ್ತಿದ್ದೆ. ಐದು ವರ್ಷದೋಳು ಕೂತೋಳು, ಎದ್ದಾಗ ಹದಿಮೂರು. ಆಗ ಬಚ್ಚಿಟ್ಕೊಂಡು ಉಣ್ತಿದ್ವಿ, ಈಗ ಕರೆದು ಉಣ್ತೀವಿ. ಹೊಸದು ಅಂದ್ರೆ ಅಷ್ಟೇ."

ಶಿಫ್ರಾ ಅದನ್ನು ಒಂದಕ್ಷರ ಬಿಡದೆ ಬರೆದುಕೊಂಡು ಹೋದರು.

ಮೊನ್ನೆ ಮಂಗಳವಾರ ಉತ್ತರ ಬಂದಿದೆ. ಅನುದಾನ ಮಂಜೂರು. ಇಟ್ಟಿಗೆ ಗೋಡೆ, ತಗಡಿನ ಸೂರು, ಹೊಸ ಒಲೆ. ಇಂದು ಹೊತ್ತು ಮುಳುಗುವುದರೊಳಗೆ ಒಪ್ಪಂದಕ್ಕೆ ಸಹಿ ಹಾಕಿ ಪೇಟೆಗೆ ತಲುಪಿಸಬೇಕು. ಮಧ್ಯಾಹ್ನ ಮೊದಲ ಮಡಕೆಗಳು ಬರುವ ಹೊತ್ತಿಗೆ ಎಲಿಯಾಬ್ ಕಾಗದ ಹಿಡಿದು ಓಡಿ ಬರುತ್ತಾರೆ. ಪೇಟೆಗೆ ಹೋಗುವ ಬೈಕಿನವನು ರಸ್ತೆಯಲ್ಲೇ ಕಾಯುತ್ತಿದ್ದಾನೆ. ಮೇಷ್ಟ್ರು ಓದುತ್ತಾರೆ, ಪೆನಿನಾ ಮಣ್ಣು ನಾದುತ್ತಲೇ ಕೇಳಿಸಿಕೊಳ್ಳುತ್ತಾರೆ. ಗೋಡೆ, ಸೂರು, ಒಲೆ, ಬೀಗವಿರುವ ಒಂದು ಕಬ್ಬಿಣದ ಬಾಗಿಲು. ನಾದುವ ಕೈ ನಿಲ್ಲುತ್ತದೆ.

"ಆ ಬಾಗಿಲಿನ ಸಾಲು ಹೊಡೆದು ಹಾಕು."

"ಅತ್ತೆ, ಅದು ಅವರ ನಿಯಮ. ಕೊಟ್ಟ ಆಸ್ತಿಗೆ ಬೀಗ ಇರ್ಲೇಬೇಕಂತೆ. ಇದನ್ನ ತೆಗೆದ್ರೆ ಎಲ್ಲಾನೂ ವಾಪಸ್ ತಗೊಂಡ್ರೆ? ಇನ್ನು ಐದೇ ವಾರ ಇರೋದು!"

ಪೆನಿನಾ ತಲೆ ಎತ್ತಿ ಚಪ್ಪರ ನೋಡುತ್ತಾರೆ. ಹುಲ್ಲಿನ ಸಂದಿನಲ್ಲಿ ಆಕಾಶ ಕಾಣುತ್ತಿದೆ. ಅವರಿಗೆ ಭಯವಿಲ್ಲವೆಂದಲ್ಲ, ಏಪ್ರಿಲ್ ಇನ್ನೂ ಮರೆತಿಲ್ಲ. ಆದರೂ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಇಸಿದುಕೊಳ್ಳುತ್ತಾರೆ. ಬಾಗಿಲಿನ ಸಾಲು ಯಾವುದೆಂದು ಕೇಳಿ, ಅದರ ಮೇಲೆ ತಾವೇ ಉದ್ದಕ್ಕೆ ಗೆರೆ ಎಳೆದು, ಕೆಳಗೆ ನಿಧಾನವಾಗಿ ಸಹಿ ಹಾಕುತ್ತಾರೆ.

"ಸೂರು ಕೊಟ್ರೆ ಸಾಕು ಅಂತ ಹೇಳು. ಎಂಟು ವರ್ಷ ನಾನೇ ಬಾಗಿಲಾಗಿದ್ದೆ. ಇನ್ನು ಬಾಗಿಲು ಬೇಡ."