ಹೂವಾಡಗಿತ್ತಿಯ ಪಾಠ, ನನ್ನ ಮೇಕೆ ಕಣ್ಣು

ಒಂದು ಜೊತೆ ಮೇಕೆ ಕಣ್ಣಿಗೆ ಎರಡಾಣೆ. ನಜರ್‌ಬಾದಿನ ಮಾಂಸದಂಗಡಿಯವನು ನಾಲ್ಕಾಣೆಗೆ ಪಟ್ಟು ಹಿಡಿದು ಕೂತಿದ್ದ. ಕಣ್ಣು ಕಿತ್ತ ತಲೆಯನ್ನು ಗಿರಾಕಿಗಳು ಮುಟ್ಟುವುದಿಲ್ಲ ಎಂಬುದು ಅವನ ವಾದ; ನ್ಯಾಯವೇ. ಆದರೆ ಹೋಟೆಲಿನ ಸಾರಿನಲ್ಲಿ ಕಣ್ಣು ಹುಡುಕುವವರು ಯಾರು? ಅಂಥ ತಲೆಗಳಿಗೆ ಒಬ್ಬ ಹೋಟೆಲಿನವನನ್ನು ನಾನೇ ಗೊತ್ತುಮಾಡಿ ಕೊಟ್ಟು ಬೆಲೆ ಇಳಿಸಿದೆ.

ಮಾರ್ಕೆಟ್ಟಿನಲ್ಲಿ ಮಂಕರಿ ಹೊತ್ತು ಮೇಲೆ ಬಂದ ನಾನು ಆಗ ಕಣ್ಣಾಸ್ಪತ್ರೆಯಲ್ಲಿ ಅಟೆಂಡರ್. ಕಣ್ಣುಗಳು ಬೇಕಾಗಿದ್ದುದು ಕಲಿಯುವ ಡಾಕ್ಟರುಗಳಿಗೆ. ಕರಿಗುಡ್ಡೆಯ ಅಂಚು ಕೊಯ್ದು, ಒಳಗಿನ ಲೆನ್ಸಿನ ಮಣಿಯನ್ನು ಚಿಮಟದಲ್ಲಿ ಹಿಡಿದು, ಅದರ ತೆಳ್ಳನೆಯ ಸಿಪ್ಪೆ ಒಡೆಯದಂತೆ ಇಡಿಯಾಗಿ ತೆಗೆಯಬೇಕು. ಆಗ ಪೊರೆ ತೆಗೆಯುವುದೆಂದರೆ ಅದೇ.

ಒಬ್ಬ ಡಾಕ್ಟರಮ್ಮನಿಗೆ ಕೈ ಕುದುರಲೇ ಇಲ್ಲ. ಹಿಡಿದಾಗಲೆಲ್ಲ ಸಿಪ್ಪೆ ಒಡೆಯುತ್ತಿತ್ತು. ಶುಕ್ರವಾರ ದೊಡ್ಡ ಡಾಕ್ಟರರ ಎದುರಿಗೆ ಒಂದನ್ನಾದರೂ ಇಡಿಯಾಗಿ ತೆಗೆಯದಿದ್ದರೆ ಆ ವರ್ಷ ಅವರ ಕೈಗೆ ರೋಗಿಯನ್ನು ಕೊಡುತ್ತಿರಲಿಲ್ಲ. ಮೂರು ವರ್ಷ ಪಕ್ಕದಲ್ಲಿ ನಿಂತು ನೋಡಿದವನೆಂಬ ಧೈರ್ಯದಲ್ಲಿ, ಗಟ್ಟಿಯಾಗಿ ಹಿಡಿದು ನೆಟ್ಟಗೆ ಎಳೆಯಿರಿ ಎಂದು ನಾನು ಹೇಳಿಕೊಡುತ್ತಿದ್ದೆ.

ಅಲ್ಲಿಯೇ ಪೊರೆ ತೆಗೆಸಿಕೊಂಡ ಒಬ್ಬ ಹೂವಾಡಗಿತ್ತಿ ದಪ್ಪ ಕನ್ನಡಕ ಹಾಕಿಕೊಂಡು ಕಣ್ಣು ತೋರಿಸಲು ಬರುತ್ತಿದ್ದಳು. ಕಾಯುವ ಹೊತ್ತಿನಲ್ಲಿ ಆಸ್ಪತ್ರೆಯ ಹಿತ್ತಲಿನ ಮಲ್ಲಿಗೆ ಮೊಗ್ಗು ಬಿಡಿಸುವಳು. ಡಾಕ್ಟರಮ್ಮ ಅವಳ ಹತ್ತಿರ ತಮ್ಮ ಕಷ್ಟ ಹೇಳಿಕೊಂಡರು.

"ಎಳೀತೀರಾ, ಅದ್ಕೇ. ಮೊಗ್ಗು ಎಳುದ್ರೆ ನಲುಗ್ತದೆ ಕಣವ್ವ. ಒಸಿ ಅತ್ತ, ಒಸಿ ಇತ್ತ ಆಡ್ಸಿ. ತೊಟ್ಟೇ ಬುಟ್ಕೊಡ್ತದೆ," ಎಂದಳು.

ಮಾರನೆಯ ದಿನ ಡಾಕ್ಟರಮ್ಮ ಹಾಗೇ ಮಾಡಿದರು. ಮಣಿ ಮುಕ್ಕಾಲು ಭಾಗ ಹೊರಗೆ ಬಂದು ಆಮೇಲೆ ಒಡೆಯಿತು. ಅಷ್ಟಕ್ಕೇ, ತಮ್ಮ ಗುರು ಹೂವಾಡಗಿತ್ತಿ ಎಂದು ಎಲ್ಲರೆದುರು ಹೇಳಿಕೊಂಡು ಓಡಾಡಿದರು. ಮೂರು ವರ್ಷ ಕಣ್ಣು ಹೊತ್ತು ತಂದವನು ನಾನು, ಗುರು ಅವಳು! ನನಗೆ ಅನ್ನ ಸೇರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಂಗಡಿಯಲ್ಲಿ ಹೊಸ ಕಣ್ಣುಗಳ ಪಕ್ಕದಲ್ಲಿ ಹಿಂದಿನ ದಿನದವೂ ಇದ್ದವು. ಅರ್ಧ ಬೆಲೆ. ಚೌಕಾಸಿ ಗೆದ್ದೆನೆಂದು ನನಗೆ ನಾನೇ ಹೇಳಿಕೊಂಡು ಅವನ್ನೇ ಒಯ್ದೆ. ಕರಿಗುಡ್ಡೆಯ ಮೇಲೆ ಮಂಜು ಕವಿದು ಒಳಗೇನೂ ಕಾಣುತ್ತಿರಲಿಲ್ಲ.

ಡಾಕ್ಟರಮ್ಮ ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಚಿಮಟ ಇಳಿಸಿ ಅತ್ತ ಇತ್ತ ಆಡಿಸಿದರು. ಮಣಿ ಇಡಿಯಾಗಿ ಬಂದು ಬಟ್ಟಲಿನಲ್ಲಿ ಕೂತಿತು.

ದೊಡ್ಡ ಡಾಕ್ಟರರು ಉಳಿದ ಕಣ್ಣನ್ನು ಎತ್ತಿ ನೋಡಿ ನನ್ನನ್ನು ಕೇಳಿದರು: "ಇದು ಇವತ್ತಿಂದೇನಯ್ಯ?"

ಹೌದು ಸಾರ್ ಎಂದುಬಿಟ್ಟೆ. ಡಾಕ್ಟರಮ್ಮ ಮಣಿಯಿದ್ದ ಬಟ್ಟಲನ್ನು ಅವರ ಮುಂದಕ್ಕೆ ಸರಿಸಿದರು.

ಸುದ್ದಿ ಕೇಳಿದ ಹೂವಾಡಗಿತ್ತಿ ಡಾಕ್ಟರಮ್ಮನಿಗೊಂದು ಮೊಳ, ನನ್ನ ಮನೆಯವಳಿಗೆಂದು ಒಂದು ಮೊಳ ಮಲ್ಲಿಗೆ ಕೊಟ್ಟಳು. "ಕಣ್ಣು ತಂದ್ಕೊಟ್ಟೋರು ನೀವೇ ಅಂತಲ್ಲಪ್ಪ," ಎಂದಳು. ಆ ಹೂವನ್ನು ಮನೆಗೆ ಒಯ್ದೆ. ಅವಳ ಮೇಲಿನ ಹೊಟ್ಟೆಕಿಚ್ಚು ಮಾತ್ರ ಆಮೇಲೂ ಬಹಳ ದಿನ ಆರಲಿಲ್ಲ.

ನೀವು ಮೇಕೆ ತಲೆ ಕೊಳ್ಳುವಾಗ ಮೊದಲು ಕಣ್ಣು ನೋಡಿ. ಕರಿಗುಡ್ಡೆ ತಿಳಿಯಾಗಿರಬೇಕು, ಹೆಬ್ಬೆರಳಲ್ಲಿ ಒತ್ತಿದರೆ ಪುಟಿಯಬೇಕು. ಮಂಜು ಕವಿದಿದ್ದರೆ ಅರ್ಧ ಬೆಲೆಗೂ ಬೇಡ. ಯಾರ ಮೇಲಾದರೂ ಹೊಟ್ಟೆ ಉರಿಯುತ್ತಿದ್ದರೆ ಆ ದಿನ ಅಂಗಡಿಗೆ ಮನೆಯಲ್ಲಿ ಬೇರೆ ಯಾರನ್ನಾದರೂ ಕಳಿಸಿ.